ಒಂದೇ ತೋಟಾದ ರೈಫಲ್

ತಿಥಿ ಮುಗಿದ ಮರುದಿನ ಗುರುವಾರ. ಬೆಳಿಗ್ಗೆ ಆರಕ್ಕೆ ನಲ್ಲಿಯಲ್ಲಿ ನೀರು ಬಂತು. ಎದ್ದು ಎರಡು ಬಿಂದಿಗೆ, ಒಂದು ಬಕೆಟ್ ಹಿಡಿದೆ. ಬಾಗಿಲಲ್ಲಿ ಹಾಲಿನ ಪ್ಯಾಕೆಟ್ ಎರಡಿದ್ದವು. ಇನ್ನು ಮೇಲೆ ಒಂದು ಸಾಕು ಎಂದು ಹೇಳಲು ಹಾಲಿನವನ ಹಿಂದೆ ಬೀದಿಯ ತಿರುವಿನವರೆಗೆ ಹೋದೆ. ಅವನು ಸೈಕಲ್ ನಿಲ್ಲಿಸಿ ನೋಡಿದ. ನಾನು ಹಾಗೇ ತಿರುಗಿ ಬಂದೆ.

ಹನ್ನೊಂದು ದಿನ ಮನೆ ತುಂಬ ಜನರಿದ್ದರು. ಬುಧವಾರ ಸಂಜೆಯ ಹೊತ್ತಿಗೆ ಎಲ್ಲರೂ ಹೋಗಿ ಅತ್ತೆ ಪುಟ್ಟಮಾದಮ್ಮ ಮಾತ್ರ ಉಳಿದರು. ಅವರು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದರು. ನಾನು ಕೋಣೆಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಕೋಣೆಗೆ ಓಡಾಡಿದೆ. ಹಾಲು ಕಾಯಿಸಿದೆ. ಕಾಯಿಸಿದ್ದನ್ನು ಮರೆತು ಮತ್ತೆ ಕಾಯಿಸಿದೆ.

ಆ ಹನ್ನೊಂದು ದಿನ ನಾನು ಮಂಚ ಬಿಟ್ಟು ಏಳುತ್ತಿರಲಿಲ್ಲ. ದುಃಖಕ್ಕೆ ಹಾಗೆ ಕೂತಿದ್ದಾಳೆ ಎಂದು ಬಂದವರೆಲ್ಲ ತಿಳಿದರು. ಮಂಚದ ಕೆಳಗೆ ಕಂಬಳಿಯಲ್ಲಿ ಸುತ್ತಿದ ರೈಫಲ್ ಇತ್ತು.

ರೈಫಲ್ ನಮ್ಮದಲ್ಲ. ಮೂಗೂರಿನ ಪುಟ್ಟಬಸವಯ್ಯ ಎಂಬ ಮುದುಕರದು. ಹೊಲಕ್ಕೆ ಬರುವ ಹಂದಿ ಓಡಿಸಲು ಅವರಿಗೆ ಲೈಸೆನ್ಸ್ ಇದೆ. ನನ್ನ ಗಂಡ ನಾಗೇಂದ್ರ ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ, ಬಿಡಿಭಾಗ ಕಡೆಯುವ ಟೂಲ್‌ರೂಮಿನಲ್ಲಿದ್ದ. ಕಾಲೇಜಿನಲ್ಲಿ ಎನ್‌ಸಿಸಿಯ ಗುರಿಕಾರ. ಜೊತೆಯ ಕೆಲಸಗಾರರೊಬ್ಬರ ಮೂಲಕ ಇಬ್ಬರಿಗೂ ಪರಿಚಯವಾಗಿತ್ತು. ರೈಫಲ್ಲಿನೊಳಗಿನ ಮೊಳೆ, ಎಂದರೆ ಕುದುರೆ ಒತ್ತಿದಾಗ ಮುಂದೆ ಚಿಮ್ಮಿ ತೋಟಾದ ಬೆನ್ನಿಗೆ ಹೊಡೆಯುವ ಸಣ್ಣ ಉಕ್ಕಿನ ಕಡ್ಡಿ, ಮುರಿದಿತ್ತು. ಮೈಸೂರಿನ ಬಂದೂಕಿನ ಅಂಗಡಿಯವರು ಇದರ ಸಾಮಾನು ಈಗ ಎಲ್ಲೂ ಸಿಗುವುದಿಲ್ಲ, ಗೋಡೆಗೆ ತೂಗುಹಾಕಿ ಎಂದಿದ್ದರಂತೆ. ನಾಗೇಂದ್ರ ತಾನೇ ಕಡೆದು ಕೊಡುತ್ತೇನೆಂದು ಸಂಕ್ರಾಂತಿಯ ಹೊತ್ತಿಗೆ ರೈಫಲ್ ತಂದ. ಲೈಸೆನ್ಸ್ ಇದ್ದವರ ಕೈ ಬಿಟ್ಟು ಅದು ಬೇರೆ ಮನೆಯಲ್ಲಿರುವಂತಿಲ್ಲ. ಅದು ಅವನಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಅದು ಒಂದು ಸಲಕ್ಕೆ ಒಂದೇ ತೋಟಾ ಹಿಡಿಯುವ ರೈಫಲ್. ಹಿಡಿಯ ಕೆಳಗೆ ಒಂದು ಸನ್ನೆ. ಅದನ್ನು ಕೆಳಗೆಳೆದರೆ ಮೇಲೆ ಬಾಯಿ ತೆರೆಯುತ್ತದೆ. ಒಂದು ತೋಟಾ ಇಟ್ಟು ಮುಚ್ಚಬೇಕು. ಹೊಡೆದ ಮೇಲೆ ಮತ್ತೆ ತೆರೆದು ಖಾಲಿ ಕೋಶ ತೆಗೆದು ಇನ್ನೊಂದು ಇಡಬೇಕು. ಅಷ್ಟರಲ್ಲಿ ಹಂದಿ ಇನ್ನೊಂದು ಊರು ಸೇರಿರುತ್ತದೆ. ನಾನು ಹಾಗೆ ಹೇಳಿದಾಗ ಅವನು ನಕ್ಕಿದ್ದ.

"ಅದೇ ಕಣೇ ಅದರ ಚಂದ. ಐದು ಗುಂಡು ಇರೋ ರೈಫಲ್ಲಲ್ಲಿ ಮೊದಲನೇ ಗುಂಡನ್ನ ಯಾರೂ ಮನಸ್ಸಿಟ್ಟು ಹೊಡೆಯಲ್ಲ. ಇನ್ನೂ ನಾಲ್ಕಿದೆಯಲ್ಲ ಅಂತ ಒಳಗೆ ಇರುತ್ತೆ."

ಸಂಜೆ ಕೆಲಸದಿಂದ ಬಂದು, ಸ್ನಾನ ಮಾಡಿ, ನೆಲದ ಮೇಲೆ ಮಲಗಿ ಗೋಡೆಗೆ ಗುರಿ ಇಡುತ್ತಿದ್ದ. ಗುರಿಗೆಂದು ನನ್ನ ಒಂದು ಸ್ಟಿಕರ್ ಬಿಂದಿಯನ್ನು ಗೋಡೆಗೆ ಅಂಟಿಸಿದ್ದ. ಮೊಳೆ ಮುರಿದಿದ್ದರಿಂದ ಅಪಾಯವಿರಲಿಲ್ಲ. ಉಸಿರು ಅರ್ಧ ಬಿಟ್ಟು ನಿಲ್ಲಿಸುತ್ತಿದ್ದ. ನಾನು ಅಡುಗೆಮನೆಯಿಂದ 'ಟಕ್' ಎಂಬ ಸದ್ದಿಗೆ ಕಾಯುತ್ತಿದ್ದೆ. ಬಹಳ ಹೊತ್ತು ಬರುತ್ತಿರಲಿಲ್ಲ. ಎಷ್ಟೋ ಸಲ ಬರುತ್ತಲೇ ಇರಲಿಲ್ಲ. ಸರಿ ಅನಿಸಲಿಲ್ಲ ಎಂದು ಎದ್ದುಬಿಡುತ್ತಿದ್ದ. ಅನ್ನ ಆರುತ್ತಿತ್ತು.

ಎರಡು ಮೊಳೆ ಕಡೆದು ಎರಡನ್ನೂ ಬಿಸಾಡಿದ. ಒಂದು ಉದ್ದವಾಯಿತು, ಇನ್ನೊಂದು ಮೆದುವಾಯಿತು. ಫೆಬ್ರವರಿ ಕೊನೆಯಲ್ಲಿ ಎಲೆಕ್ಷನ್ ತಾರೀಖು ಪ್ರಕಟವಾಯಿತು. ಎಲೆಕ್ಷನ್ ಬಂದರೆ ಲೈಸೆನ್ಸ್ ಇರುವ ಬಂದೂಕುಗಳನ್ನೆಲ್ಲ ಪೊಲೀಸ್ ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕು. ಆಮೇಲೆ ನನಗೆ ಮನೆಯಲ್ಲಿ ನಿದ್ದೆ ಬರಲಿಲ್ಲ. ಕೊನೆಗೆ ಒಂದು ಶನಿವಾರ ಬೆಳಿಗ್ಗೆ ಹೇಳಿದೆ.

"ಇವತ್ತು ಮುಗಿಸಿ. ನಾಳೆ ಭಾನುವಾರ, ತಗೊಂಡು ಹೋಗಿ ಕೊಟ್ಟು ಬನ್ನಿ. ಇಲ್ಲ ಅಂದ್ರೆ ನಾನೇ ಎಲ್ಲಾದರೂ ಎಸೀತೀನಿ."

"ಕಡೆದಿದ್ದೀನಿ. ಇನ್ನು ಹದ ಮಾಡಬೇಕು, ಕಾಯಿಸಿ ಎಣ್ಣೇಲಿ ಅದ್ದಬೇಕು. ಅದಕ್ಕೆ ಟೈಮ್ ಬೇಕು ರೋಜಾ."

"ನಿಮಗೆ ಎಲ್ಲಕ್ಕೂ ಟೈಮ್ ಬೇಕು."

ಅವನು ಟಿಫನ್ ಡಬ್ಬಿ ತೆಗೆದುಕೊಂಡು ಹೋದ. ಸಂಜೆ ಸ್ಕೂಟರಿನಲ್ಲಿ ಮನೆಗೆ ಬರುವಾಗ, ಹಿಂದೆ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರೇಲರಿಗೆ ಡಿಕ್ಕಿ ಹೊಡೆದು ಸತ್ತ. ಬೇಗ ಬರಲು ಹೊರಟಿದ್ದನೇ ಎಂದು ಹನ್ನೊಂದು ದಿನವೂ ಯೋಚಿಸಿದೆ. ಕೇಳಲು ಯಾರೂ ಇರಲಿಲ್ಲ. ಅವನು ಯಾವತ್ತೂ ವೇಗವಾಗಿ ಓಡಿಸಿದವನಲ್ಲ.

ಗುರುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಮೂಲೆಯಲ್ಲಿ ಬಿದ್ದಿದ್ದ ಪೇಪರುಗಳನ್ನು ಜೋಡಿಸಲು ಕೂತೆ. ಒಂದರ ಒಳಪುಟದಲ್ಲಿ ಸಣ್ಣ ಸುದ್ದಿ. ಬಂದೂಕುಗಳನ್ನು ಒಪ್ಪಿಸಲು ಶನಿವಾರ ಕೊನೆಯ ದಿನ. ತಪ್ಪಿದರೆ ಲೈಸೆನ್ಸ್ ರದ್ದು, ಕೇಸು. ಎರಡೇ ದಿನ ಉಳಿದಿತ್ತು.

ಮಂಚದ ಕೆಳಗಿನಿಂದ ಕಂಬಳಿ ಎಳೆದು ಬಿಚ್ಚಿದೆ. ಬಂದೂಕು ಮುಟ್ಟಿದ ಕೂಡಲೇ ಮೊದಲು ಬಾಯಿ ತೆರೆದು ಖಾಲಿ ಇದೆಯೇ ನೋಡಬೇಕು, ಇನ್ನೊಬ್ಬರಿಗೆ ಕೊಡುವಾಗ ತೆರೆದು, ತೋರಿಸಿ, ತೆರೆದ ಹಾಗೇ ಕೊಡಬೇಕು ಎಂದು ಅವನು ಹೇಳಿಕೊಟ್ಟಿದ್ದ. ಸನ್ನೆ ಎಳೆದೆ. ತೆರೆದ ಬಾಯಿಗೆ ಹೆಬ್ಬೆರಳ ಉಗುರು ಹಿಡಿದು ಇನ್ನೊಂದು ತುದಿಯಿಂದ ನೋಡಿದೆ. ಉಗುರಿನ ಬೆಳಕು ನಳಿಗೆಯ ಉದ್ದಕ್ಕೂ ಸುರುಳಿಯಾಗಿ ಹೊಳೆಯಿತು. ಖಾಲಿ ಇತ್ತು.

ಆಗ ಆಸ್ಪತ್ರೆಯವರು ಕೊಟ್ಟಿದ್ದ ಪ್ಲಾಸ್ಟಿಕ್ ಕವರ್ ನೆನಪಾಯಿತು. ಸತ್ತವರ ಬಟ್ಟೆ, ಅವರನ್ನು ಮಲಗಿಸಿದ್ದ ಚಾಪೆ, ಎರಡನ್ನೂ ತಿಥಿಯಾದ ಮೇಲೆ ಹೊಳೆಗೆ ಬಿಡುವುದು ಅತ್ತೆಯ ಕಡೆ ವಾಡಿಕೆ. ಮನೆಯ ಗೋಡೆಯಲ್ಲಿ ಬುದ್ಧನ ಪಟ ಬಂದ ಮೇಲೂ ಅದನ್ನು ಅವರು ಬಿಟ್ಟಿರಲಿಲ್ಲ. ಕವರ್ ಚಾಪೆಯ ಪಕ್ಕದಲ್ಲಿ ಹಿತ್ತಿಲ ಬಾಗಿಲಿಗೆ ಒರಗಿತ್ತು. ಕತ್ತರಿಸಿದ ಅಂಗಿಯ ಜೇಬಿನಲ್ಲಿ ಪೆನ್ನಿನ ಜೊತೆ ಒಂದು ಕಾಗದದ ಪೊಟ್ಟಣ. ಬಿಚ್ಚಿದೆ. ಬೆರಳಿನ ಎರಡು ಗಿಣ್ಣಿನಷ್ಟು ಉದ್ದದ ಉಕ್ಕಿನ ಮೊಳೆ. ಎಣ್ಣೆ ಹಚ್ಚಿತ್ತು.

ಪೊಟ್ಟಣವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಮಧ್ಯಾಹ್ನ ಮೈದುನ ಜಗನ್ ಬಂದ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಎಲೆಕ್ಷನ್ ಕೆಲಸ ಬಿದ್ದಿತ್ತು, ಊಟಕ್ಕೆಂದು ಬಂದಿದ್ದ. ಹೇಳದಿದ್ದರೆ ನಡೆಯುವುದಿಲ್ಲವೆಂದು ಹೇಳಿದೆ. ಕಂಬಳಿ ಸರಿಸಿ ತೋರಿಸಿದೆ. ಅವನ ಬಾಯಲ್ಲಿ ತುತ್ತು ಹಾಗೇ ಉಳಿಯಿತು.

"ಅತ್ತಿಗೆ, ಇದು ಹನ್ನೆರಡು ದಿನದಿಂದ ಇಲ್ಲೇ ಇತ್ತಾ? ನಮ್ ಆರ್‌ಐ ತಿಥಿಗ್ ಬಂದು ಈ ಮಂಚದ್ ಮೇಲೇ ಕೂತಿದ್ರು ಕಣ್ರೀ."

"ನಾಳೆ ಮೂಗೂರಿಗೆ ಕೊಟ್ಟು ಬರೋಣ ಜಗನ್."

"ಯಾರು, ನಾನಾ? ಸೇತುವೇಲಿ ಚೆಕ್‌ಪೋಸ್ಟ್ ಆಕವ್ರೆ. ಬೀಡಿ ಕಟ್ಟೂ ಬುಡಲ್ಲ, ಬಿಚ್ಚಿ ನೋಡ್ತವ್ರೆ. ನನ್ ಕೆಲ್ಸ ಹೋಯ್ತದೆ. ನಿಮ್ನ ಒಳಕ್ಕ್ ಆಕ್ತಾರೆ."

"ಅವರೇ ಬಂದು ತಗೊಂಡು ಹೋಗಲಿ. ಅವರ ಹತ್ರ ಲೈಸೆನ್ಸ್ ಇದೆ. ಅವರ ಮನೇಲಿ ಫೋನಿಲ್ಲ, ನೀನು ಹೋಗಿ ಒಂದು ಮಾತು ಹೇಳಿ ಬಾ."

"ನಾನ್ ಓಗಿ ಹೇಳಿದ್ರೆ ಇಲ್ಲಿತ್ತು ಅಂತ ನಾವೇ ಒಪ್ಕಂಡಂಗಲ್ವಾ? ಅವ್ರಿಗೂ ನಮ್ಗೂ ಸಂಬಂಧ ಇಲ್ಲ ಅನ್ಬುಡಿ. ಅಣ್ಣ ಹೋದ. ಯಾರ್ ಕೇಳ್ತಾರೆ?"

ಅವನು ಕೈ ತೊಳೆದು ಬಂದು ತಾನೇ ದಾರಿ ಹುಡುಕಿದ. ಹಿತ್ತಿಲ ಬಾಗಿಲಿನಿಂದ ಚಾಪೆ ತಂದು ಹಾಸಿ, ರೈಫಲ್ಲನ್ನು ಅದರಲ್ಲಿ ಸುತ್ತಿ, ತೆಂಗಿನ ಹಗ್ಗದಿಂದ ಮೂರು ಕಡೆ ಬಿಗಿದ.

"ಬೆಳಿಗ್ಗೆ ಏಳಕ್ ಬತ್ತೀನಿ. ಹೆಂಗೂ ಹೊಳೆಗ್ ಬುಡೋದೇ. ಆಳ ಇರೋ ಕಡೆ ಬುಟ್ಬುಡೋಣ. ಸತ್ತೋರ್ ಚಾಪೆ, ಯಾವನ್ ಮುಟ್ತಾನೆ?"

ಅವನು ಕೆಟ್ಟವನಲ್ಲ. ಹೋಗುವಾಗ ನನಗೆಂದು ಬಾಳೆಹಣ್ಣು ಇಟ್ಟು ಹೋದ.

ನಾನು ಮೂಗೂರಿಗೆ ಹೋಗಿ ಮುದುಕರನ್ನು ಕರೆತರುವಷ್ಟರಲ್ಲಿ ರೈಫಲ್ ಕಪಿಲಾ ನದಿಯ ತಳದಲ್ಲಿರುತ್ತದೆ. ಶನಿವಾರ ಪುಟ್ಟಬಸವಯ್ಯ ಠಾಣೆಗೆ ಬರಿಗೈಯಲ್ಲಿ ಹೋಗಬೇಕಾಗುತ್ತದೆ. ಎಲ್ಲಿ ಎಂದರೆ ಸತ್ತವನಿಗೆ ಕೊಟ್ಟಿದ್ದೆ ಎನ್ನಬೇಕು. ಸಂಜೆಯವರೆಗೆ ಇದನ್ನೇ ಯೋಚಿಸಿದೆ. ಹಿತ್ತಿಲಿಗೆ ಎಷ್ಟು ಸಲ ಹೋದೆನೋ ಗೊತ್ತಿಲ್ಲ. ಅತ್ತೆ ಸೊಪ್ಪಿನ ಮೊರದ ಮೇಲಿಂದ ನೋಡುತ್ತಿದ್ದರು.

ಶುಕ್ರವಾರ ಐದಕ್ಕೆ ಎದ್ದು ಸೀರೆ ಬದಲಿಸಿ ಚಾಪೆ ಎತ್ತಿಕೊಂಡೆ. ತಿರುಗಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಎಲ್ಲಿಗವ್ವಾ?"

"ತಿರುಮಕೂಡಲಿಗೆ. ಹೊಳೆಗೆ ಬಿಡೋದಾದರೆ ಸಂಗಮದಲ್ಲೇ ಬಿಡ್ತೀನಿ."

"ಸಂಗಮುಕ್ಕಾ, ಮೂಗೂರ್ಗಾ?"

ಅವರು ಹತ್ತಿರ ಬಂದು ಜಗನ್ ಕಟ್ಟಿದ್ದ ಹಗ್ಗದ ಗಂಟನ್ನು ಎಳೆದು ನೋಡಿದರು. ಸಡಿಲವಾಗಿತ್ತು. ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿದರು.

"ನನ್ ಮಗ ಕದ್ದ್ ತಂದಿರ್ಲಿಲ್ಲ. ಕೇಳಿ ಇಸ್ಕ ಬಂದಿದ್ದ. ಓಗಿ ಕೊಟ್ ಬಾ."

"ಜಗನ್ ಬಂದರೆ?"

"ಬಚ್ಲಲ್ಲಿ ಆ ಮನೆ ಓನರ್ದು ಕಬ್ಬುಣದ್ ಪೈಪ್ ಬಿದ್ದದೆ. ನನ್ ಚಾಪೇಲಿ ಸುತ್ತಿ ಕೊಡ್ತೀನಿ. ಮುಳುಗುಸ್ಕ ಬರ್ಲಿ. ಅವ್ನಿಗೂ ನೆಮ್ದಿ ಆಯ್ತದೆ."

ಹದಿಮೂರು ದಿನಗಳಲ್ಲಿ ಮೊದಲ ಸಲ ನನಗೆ ನಗು ಬಂದಂತಾಯಿತು. ಪೂರ್ತಿ ಬರಲಿಲ್ಲ.

ನರಸೀಪುರದ ಬಸ್ಸಿನಲ್ಲಿ ಹೆಚ್ಚು ಜನರಿರಲಿಲ್ಲ. ಕಂಡಕ್ಟರ್ ಚಾಪೆ ನೋಡಿ, "ಲಗೇಜ್ ಆಯ್ತದೆ ಕಣಮ್ಮ" ಎಂದ.

"ಸತ್ತೋರ ಚಾಪೆ."

ಅವನು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡ. "ಬೇರೆಯವ್ರ ಬ್ಯಾಗ್ ಮೇಲ್ ಇಡ್ಬೇಡಿ, ಅಲ್ಲೇ ಹಿಡ್ಕಳಿ" ಎಂದು ನನಗೆ ಮಾತ್ರ ಟಿಕೆಟ್ ಹರಿದ. ಪಕ್ಕದಲ್ಲಿ ವೀಳ್ಯದೆಲೆ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸು ಬುಟ್ಟಿಯ ಸಮೇತ ಹಿಂದಿನ ಸೀಟಿಗೆ ಹೋದಳು. ಆಮೇಲೆ ಹತ್ತಿದವರಿಗೂ ಯಾರೋ ಪಿಸುಗುಟ್ಟಿರಬೇಕು. ನನ್ನ ಸೀಟಿನಲ್ಲಿ ಯಾರೂ ಕೂರಲಿಲ್ಲ. ಹನ್ನೊಂದು ದಿನ ಯಾರಾದರೊಬ್ಬರು ಮೈಗೆ ಒತ್ತಿಕೊಂಡು ಕೂತಿದ್ದರು. ಈಗ ಒಬ್ಬಳೇ ಇರಲು ಸಿಕ್ಕಿತು. ಚಾಪೆಯನ್ನು ಮಂಡಿಗಳ ನಡುವೆ ನಿಲ್ಲಿಸಿ, ಕೈ ಬದಲಿಸಿ ಬದಲಿಸಿ ಹಿಡಿದೆ. ಹಿಡಿದಷ್ಟೂ ಉದ್ದವಾಗುತ್ತಿದೆ ಅನಿಸಿತು.

ಸೇತುವೆಯ ಹತ್ತಿರ ಬಸ್ ನಿಂತಿತು. ಒಬ್ಬ ಪೊಲೀಸ್ ಹತ್ತಿದ. ಲಾಠಿಯಲ್ಲಿ ಬುಟ್ಟಿ, ಚೀಲಗಳನ್ನು ತಟ್ಟುತ್ತ ಬಂದ. ಒಬ್ಬನ ಚೀಲ ಬಿಚ್ಚಿಸಿದ. ಅದರಲ್ಲಿ ಬೆಲ್ಲದ ಅಚ್ಚುಗಳಿದ್ದವು. ಒಂದನ್ನು ಮೂಸಿ ವಾಪಸ್ ಇಟ್ಟ.

"ಏನಮ್ಮ ಅದು?"

"ಚಾಪೆ."

ಲಾಠಿಯಿಂದ ಮೇಲ್ತುದಿಯನ್ನು ಒತ್ತಿದ. ಚಾಪೆ ಬಾಗಲಿಲ್ಲ. ಅವನು ನನ್ನ ಮುಖ ನೋಡಿದ. ನನ್ನ ಮುಖದಲ್ಲಿ ಏನೂ ಇದ್ದಿರಲಾರದು. ಆ ದಿನಗಳಲ್ಲಿ ಏನೂ ಇರುತ್ತಿರಲಿಲ್ಲ.

"ಒಳಗೇನದೆ?"

"ನನ್ನ ಯಜಮಾನರು ಉಪಯೋಗಿಸ್ತಿದ್ದದ್ದು. ಹದಿಮೂರು ದಿನ ಆಯ್ತು ಅವರು ಹೋಗಿ."

"ಸತ್ತೋರ ಚಾಪೆ ಸಾ" ಎಂದು ಹಿಂದಿನಿಂದ ಎಲೆಯ ಹೆಂಗಸು ಹೇಳಿದಳು. "ಸಂಗಮುಕ್ ಬುಡಕ್ ಓಯ್ತಾವ್ಳೆ. ಮುಟ್ಬೇಡಿ, ಮನೇಲ್ ಮಕ್ಳಿರ್ತವೆ."

ಅವನು ಲಾಠಿಯ ತುದಿಯನ್ನು ಪ್ಯಾಂಟಿಗೆ ಒರೆಸಿಕೊಂಡ. "ವಯಸ್ಸೆಷ್ಟಿತ್ತು?" ಎಂದ. ಮೂವತ್ತೆರಡು ಎಂದೆ. ಅವನಿಗೂ ಅಷ್ಟೇ ಇರಬೇಕು. ಇಳಿದು ಹೋಗಿ ಬಸ್ಸಿನ ಮೈ ತಟ್ಟಿದ.

ನರಸೀಪುರದಲ್ಲಿ ಬಸ್ ಬದಲಿಸಿ ಮೂಗೂರಿನಲ್ಲಿ ಇಳಿದಾಗ ಒಂಬತ್ತು ಗಂಟೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಪುಟ್ಟಬಸವಯ್ಯ ಜಗುಲಿಯ ಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕೂತಿದ್ದರು. ಎಪ್ಪತ್ತು ದಾಟಿದವರು. ಪಕ್ಕದಲ್ಲಿ ಲೈಸೆನ್ಸ್ ಪುಸ್ತಕ, ಮಡಿಸಿದ ಒಂದು ಕಾಗದ. ನನ್ನನ್ನು ಮೊದಲು ನೋಡಿರಲಿಲ್ಲ, ಚಾಪೆಯನ್ನು ನೋಡಿದರು. ಎದ್ದು ನಿಂತರು.

"ನಾಗೇಂದ್ರಪ್ಪನ್ ಮನೆಯವ್ರಾ?"

"ಹೌದು."

"ಒಳಕ್ ಬಾ ತಾಯಿ. ಅಂಗೇ ತಕ ಬಾ, ಬಾಗ್ಲಲ್ ಇಡ್ಬೇಡ."

ಸತ್ತವರ ಚಾಪೆಯನ್ನು ಯಾರೂ ಮನೆಯೊಳಗೆ ಕರೆಯುವುದಿಲ್ಲ. ಅವರು ನಡುಮನೆಯಲ್ಲಿ ಇರಿಸಿಕೊಂಡರು. ನನಗೆ ನೀರು ಕೊಟ್ಟರು. ಬಾಗಿಲು ಮುಂದೆ ಮಾಡಿದರು.

"ಸುದ್ದಿ ಗೊತ್ತಾಯ್ತು. ಬರ್ನಿಲ್ಲ. ಬಂದ್ರೆ ಇದ್ನೇ ಕೇಳಕ್ ಬಂದ ಅನ್ಕತೀರಿ ಅಂತ."

"ನಾಳೆ ಕೊನೇ ದಿನ."

"ಊ. ಅದ್ಕೇ ಇವತ್ತೇ ಒಲ್ಟಿದ್ದೆ ಠಾಣೆಗೆ." ಮಡಿಸಿದ ಕಾಗದವನ್ನು ನನ್ನ ಕಡೆ ತಳ್ಳಿದರು. ಯಾರದೋ ದುಂಡು ಅಕ್ಷರ. ಹೊಲದಲ್ಲಿ ಕಾವಲಿದ್ದಾಗ ರೈಫಲ್ ಕಳೆದುಹೋಗಿದೆ, ಇದಕ್ಕೆ ತಾನೇ ಜವಾಬ್ದಾರ ಎಂದು ಬರೆದಿತ್ತು. ಕೆಳಗೆ ಅವರ ಸಹಿ. ನಾಗೇಂದ್ರನ ಹೆಸರು ಎಲ್ಲೂ ಇರಲಿಲ್ಲ.

"ನಿಮ್ಮ ಮೇಲೆ ಕೇಸಾಗ್ತಿತ್ತು."

"ಆಗ್ಲಿ ಅಂತಿದ್ದೆ. ಗಂಡ ಸತ್ ಮನೆಗ್ ಪೊಲೀಸ್ರ ಕಳಿಸೋದಾ?"

ಅವರು ಆ ಕಾಗದವನ್ನು ನಾಲ್ಕಾಗಿ ಹರಿದರು.

ನಾನು ಹಗ್ಗ ಬಿಚ್ಚಿದೆ. ಅತ್ತೆಯ ಗಂಟು ಬಿಚ್ಚಲು ಬಹಳ ಹೊತ್ತು ಹಿಡಿಯಿತು. ರೈಫಲ್ ಹೊರಬಂದಾಗ ಅವರು ಅದರ ಮರದ ಹಿಡಿಯ ಮೇಲೆ ಅಂಗೈ ಇಟ್ಟರು. ಹಸುವಿನ ಮೈ ತಡವಿದಂತೆ.

"ಇದರಲ್ಲಿ ಏನಿದೆ?" ಎಂದು ಕೇಳಿದೆ. ನನ್ನ ದನಿ ನಾನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿತ್ತು. "ಒಂದು ಸಲ ಹೊಡೆದರೆ ಮುಗೀತು. ಇದರ ತೋಟಾನೂ ಈಗ ಸಿಗಲ್ಲವಂತೆ. ಅವರೂ ದಿನಾ ಇದನ್ನೇ ಹಿಡಿದು ಮಲಗ್ತಿದ್ದರು."

"ಆರ್ ತೋಟಾ ಅವೆ. ಸಾಯೋಗಂಟ ಸಾಕು." ಅವರು ಗೋಡೆಗೆ ಒರಗಿದರು. "ಚಿಕ್ಕೋನಿದ್ದಾಗ, ಬೇಟೆ ನಿಲ್ಲುಸೋಕ್ ಮುಂಚೆ, ದೊಡ್ ದೊಡ್ಡೋರ್ ಜತೆ ಓಗಿದ್ದೀನಿ ತಾಯಿ. ಐದ್ ಗುಂಡಿನ್ ರೈಫಲ್ ಅವ್ರವು. ಡಬ್ ಡಬ್ ಡಬ್ ಅಂತ ಕಾಡ್ನೆಲ್ಲ ಎಬ್ಬುಸ್ಬುಡೋರು. ಗಾಯ ಆಗಿದ್ ಜಿಂಕೆ ಇಂದೆ ದಿನ ಎಲ್ಲಾ ನಾನ್ ಅಲೀಬೇಕಿತ್ತು. ಇದ್ರಲ್ಲಿ ಅಂಗಿಲ್ಲ. ಒಂದೇ ಅಂತ ಗೊತ್ತಿದ್ರೆ ಕೈ ತಾನೇ ನಿಲ್ತದೆ. ನೂರ್ ಸಲ ಗುರಿ ಇಟ್ಟಿದ್ರೆ ತೊಂಬತ್ ಸಲ ಒಡೀದೇ ಬಂದಿದ್ದೀನಿ. ಆ ಬಂದಿದ್ದೇ ಇವಾಗ ಗ್ಯಾಪ್ನ ಇರೋದು, ಒಡ್ದಿದ್ದಲ್ಲ."

"ಈಗ?"

"ಈಗ ಹಂದಿ ಬಂದ್ರೆ ಆಕಾಸುಕ್ ಒಂದು. ಆಮ್ಯಾಕೆ ತಮಟೆ." ಅವರು ನಕ್ಕರು. "ನಿನ್ ಯಜಮಾನ್ರು ಮೊದಲ್ನೇ ದಿನ ಇದ ಹಿಡ್ಕಂಡು ಆ ಮೂಲೇಲಿ ಅರ್ಧ ಗಂಟೆ ಕೂತಿದ್ರು. ಏನೂ ಮಾತಾಡ್ನಿಲ್ಲ. ಇವ್ನಿಗೆ ಕೊಡ್ಬೋದು ಅಂದ್ಕಂಡೆ."

ಸೊಂಟದ ಪೊಟ್ಟಣ ತೆಗೆದು ಅವರ ಮುಂದಿಟ್ಟೆ. ಇಷ್ಟು ದಿನ ಯಾರಿಗೂ ಹೇಳದಿದ್ದದ್ದನ್ನು ಈ ಅಪರಿಚಿತರಿಗೆ ಹೇಳಿದೆ.

"ಇದು ಅವರ ಜೇಬಿನಲ್ಲಿತ್ತು. ಅವತ್ತು ಬೆಳಿಗ್ಗೆ ನಾನು ಇವತ್ತೇ ಮುಗಿಸಿ ಅಂತ ಜಗಳ ಆಡಿದೆ. ಹದಕ್ಕೆ ಟೈಮ್ ಬೇಕು ಅಂದರು. ನಾನು ಕೇಳಲಿಲ್ಲ. ಅವಸರ ಮಾಡಿರಬೇಕು. ಅವಸರದಲ್ಲೇ ಬರ್ತಿದ್ದಿರಬೇಕು."

ಅವರು ಕನ್ನಡಕ ಹಾಕಿಕೊಂಡು ಮೊಳೆಯನ್ನು ಕಿಟಕಿಯ ಬಿಸಿಲಿಗೆ ಹಿಡಿದರು. ತಿರುಗಿಸಿದರು. ತುದಿಯನ್ನು ಉಗುರಿನ ಮೇಲೆ ಎಳೆದು ನೋಡಿದರು. ಆಮೇಲೆ ರೈಫಲ್ಲನ್ನು ಮಂಡಿಯ ಮೇಲೆ ಇಟ್ಟುಕೊಂಡು, ಒಂದು ಸಣ್ಣ ಕಡ್ಡಿ ತಳ್ಳಿ ಬಾಯಿ ಮುಚ್ಚುವ ಉಕ್ಕಿನ ಗಟ್ಟಿಯನ್ನು ಹೊರತೆಗೆದು, ಮುರಿದ ತುಂಡು ಉದುರಿಸಿ, ಹೊಸದನ್ನು ಕೂರಿಸಿದರು. ಒತ್ತಬೇಕಾಗಲಿಲ್ಲ. ತಾನೇ ಜಾರಿ ಕೂತಿತು.

ಪೆಟ್ಟಿಗೆಯಿಂದ ಒಂದು ಖಾಲಿ ಕೋಶ ತಂದು ಒಳಗಿಟ್ಟು ಮುಚ್ಚಿದರು. ನೆಲಕ್ಕೆ ಗುರಿ ಮಾಡಿ ಕುದುರೆ ಒತ್ತಿದರು.

ಟಕ್.

ನಮ್ಮ ಮನೆಯಲ್ಲಿ ಕೇಳುತ್ತಿದ್ದ ಸದ್ದೇ, ಆದರೆ ಗಟ್ಟಿ. ಸನ್ನೆ ಎಳೆದರು. ಹಾರಿ ಬಿದ್ದ ಕೋಶವನ್ನು ಹೆಕ್ಕಿ ನನ್ನ ಅಂಗೈಯಲ್ಲಿಟ್ಟರು. ಅದರ ಬೆನ್ನಲ್ಲಿ ಎರಡು ಗುಳಿಗಳಿದ್ದವು. ಒಂದು ಹಳೆಯದು, ಅಂಚಿಗೆ ಸರಿದದ್ದು. ಇನ್ನೊಂದು ಹೊಸದು, ದುಂಡಗೆ, ಸರಿಯಾಗಿ ನಡುವೆ.

"ನಮ್ಮಪ್ಪನ್ ಕಾಲ್ದಲ್ಲೂ ಇದು ನಡೂಕೆ ಬಿದ್ದಿರ್ನಿಲ್ಲ" ಎಂದರು. "ಆ ಮೊಳೆ ತುದಿ ನೋಡು. ಸಾಣೆ ಇಡ್ದಿಲ್ಲ, ಕೈಯಲ್ಲಿ ಉಜ್ಜವ್ನೆ. ಸುತ್ತಾ ಒಂದೇ ಸಮ. ಎಷ್ಟೊತ್ ಕೂತಿದ್ನೋ. ಕೆಲ್ಸ ಬುಟ್ಟಿದ್ದೆಷ್ಟೊತ್ಗೆ?"

"ಶನಿವಾರ ಎರಡೂವರೆಗೇ ಶಿಫ್ಟ್ ಮುಗೀತಿತ್ತು. ಆಕ್ಸಿಡೆಂಟ್ ಆದದ್ದು ಏಳು ಗಂಟೆಗೆ."

"ನಾಕೂವರೆ ಗಂಟೆ. ಅವ್ನು ಅವಸ್ರ ಮಾಡ್ನಿಲ್ಲ ತಾಯಿ. ನೀನ್ ಹೇಳಿದ್ದ ಅವ್ನ್ ಕೇಳೇ ಇಲ್ಲ."

ಆ ನಾಲ್ಕೂವರೆ ಗಂಟೆಯನ್ನು ನಾನು ಲೆಕ್ಕ ಹಾಕಿಯೇ ಇರಲಿಲ್ಲ. ಖಾಲಿ ಟೂಲ್‌ರೂಮ್, ಕಿಟಕಿಯ ಕೆಳಗೆ ಬೆಂಚು, ಅರ್ಧ ಬಿಟ್ಟ ಉಸಿರು. ಹೆಂಡತಿ ಮನೆಯಲ್ಲಿ ಕಾಯುತ್ತಿರುವುದನ್ನು ಮರೆತು ಅವನು ಉಜ್ಜುತ್ತಿದ್ದ. ನನಗೆ ಸಿಟ್ಟು ಬಂತು. ಹದಿಮೂರು ದಿನಗಳಲ್ಲಿ ನನಗೆ ಪೂರ್ತಿಯಾಗಿ ಬಂದ ಮೊದಲ ಭಾವನೆ ಅದು.

ಪುಟ್ಟಬಸವಯ್ಯ ಲೈಸೆನ್ಸ್ ಪುಸ್ತಕ ಜೇಬಿಗಿಟ್ಟು ಎದ್ದರು. "ಅತ್ತೂವರೆ ಬಸ್ಸಿಗ್ ಓದ್ರೆ ಮಧ್ಯಾನುದ್ ಒಳಗೆ ರಸೀತಿ ಸಿಕ್ತದೆ" ಎಂದು ರೈಫಲ್ಲಿಗೆ ಕೈ ಚಾಚಿದರು.

"ಒಂದು ನಿಮಿಷ" ಎಂದೆ.

ಅದನ್ನು ಅವರು ಮಂಡಿಯಿಂದ ಇಳಿಸಿ ನೆಲದ ಮೇಲೆ ಇಟ್ಟಿದ್ದರು. ನಾನು ಎತ್ತಿಕೊಂಡೆ. ಅವರೇ ಈಗ ತಾನೆ ತೆರೆದಿದ್ದರು, ಖಾಲಿ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಮುಚ್ಚಿ, ಮತ್ತೆ ಸನ್ನೆ ಎಳೆದು ಬಾಯಿ ತೆರೆದೆ. ನಡುಗುವ ಹೆಬ್ಬೆರಳನ್ನು ಅಲ್ಲಿ ಇಟ್ಟು, ಅದು ನಿಲ್ಲುವವರೆಗೆ ಕಾದೆ. ಇನ್ನೊಂದು ತುದಿಯಿಂದ ನೋಡಿದೆ. ಕಿಟಕಿಯ ಬಿಸಿಲು ಉಗುರಿಗೆ ಬಿದ್ದು ನಳಿಗೆಯೊಳಗೆ ಸುರುಳಿ ಸುತ್ತಿತ್ತು.

ಅವರಿಗೆ ತೋರಿಸಿದೆ. ಅವರು ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದರು.

"ಖಾಲಿ" ಎಂದರು.

ತೆರೆದ ಹಾಗೇ, ಎರಡೂ ಕೈಗಳಲ್ಲಿ ಕೊಟ್ಟೆ.